ಸಂತ ಡೇಮಿಯನ್ ಮತ್ತು ಮೊಲೊಕಾಯಿಯ ಕೇದಗೆ ಮರ

ಮೇ 10ರಂದು ಧರ್ಮಸಭೆಯು ಸಂತ ಡೇಮಿಯನರನ್ನು ಸ್ಮರಿಸುತ್ತದೆ. ಕುಷ್ಠರೋಗಿಗಳ ಸೇವೆಗೈಯುತ್ತ ತಾವೂ ಆ ರೋಗಕ್ಕೆ ತುತ್ತಾದ ಈ ಧರ್ಮಗುರುಗಳ ತ್ಯಾಗವನ್ನು ನಾವು ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಸಾಯುವವರ ಕೊನೆಯ ಅಪೇಕ್ಷೆಗೆ ಅವರು ಕೊಟ್ಟ ಬೆಲೆಯನ್ನು ಮಾತ್ರ ಅಷ್ಟಾಗಿ ಗಮನಿಸಿಲ್ಲ.

ಬೆಲ್ಜಿಯಂನ ತ್ರೆಮೆಲೋ ಗ್ರಾಮದಲ್ಲಿ 1840ರಲ್ಲಿ ಜನಿಸಿದ ಅವರು 1864ರಲ್ಲಿ ಹವಾಯಿ ದ್ವೀಪಗಳನ್ನು ತಲುಪಿ, ಅದೇ ವರ್ಷ ಅಲ್ಲಿಯೇ ಯಾಜಕ ದೀಕ್ಷೆ ಪಡೆದರು. ಮರುವರ್ಷ ಜಾರಿಗೆ ಬಂದ ಕಾನೂನಿನಂತೆ ಕುಷ್ಠರೋಗಿಗಳನ್ನು ಮನೆಮಂದಿಯಿಂದ ಅಗಲಿಸಿ ಮೊಲೊಕಾಯಿ ದ್ವೀಪಕ್ಕೆ ಸಾಗಿಸತೊಡಗಿದರು. ಅವರಲ್ಲಿ ಬಹುಪಾಲು ಮಂದಿ ಹವಾಯಿಯ ಮೂಲನಿವಾಸಿಗಳು. 1873ರ ಮೇ 10ರಂದು ಡೇಮಿಯನರು ಅಲ್ಲಿ ಕಾಲಿಟ್ಟಾಗ, ಹಣವಿಲ್ಲದೆ ಸತ್ತವರಿಗೆ ಶವಪೆಟ್ಟಿಗೆಯೂ ಇರಲಿಲ್ಲ. ಕಂಬಳಿಯಲ್ಲಿ ಸುತ್ತಿ ಆಳವಿಲ್ಲದ ಗುಂಡಿಯಲ್ಲಿ ಹೂಳುತ್ತಿದ್ದರು. ಊರು, ಮನೆ, ಬಂಧುಗಳು ಎಲ್ಲವನ್ನೂ ಕಳೆದುಕೊಂಡವರಿಗೆ ಮರ್ಯಾದೆಯ ಮಣ್ಣಾದರೂ ಬೇಕಿತ್ತು. ಡೇಮಿಯನರು ಬಡಗಿಯ ಕೆಲಸ ಬಲ್ಲವರು. ನೂರಾರು ಶವಪೆಟ್ಟಿಗೆಗಳನ್ನು ಸ್ವತಃ ತಯಾರಿಸಿದರು, ತಮ್ಮ ವಾಸದ ಮಗ್ಗುಲಲ್ಲೇ ದಫನಭೂಮಿಗೆ ಬೇಲಿ ಕಟ್ಟಿಸಿದರು, ರೋಗಿಗಳೇ ನಡೆಸುವ ಅಂತ್ಯಕ್ರಿಯಾ ಸಂಘವನ್ನು ಸ್ಥಾಪಿಸಿದರು. ಪಾಪನಿವೇದನೆ ಆಲಿಸಿದ್ದು ಅವರದೇ ಭಾಷೆಯಲ್ಲಿ. ಉಂಡದ್ದು ಅವರದೇ ಬೋಗುಣಿಯಿಂದ.

1889ರ ಪವಿತ್ರ ವಾರದ ಸೋಮವಾರ, ಏಪ್ರಿಲ್ 15ರಂದು, 49ರ ಪ್ರಾಯದಲ್ಲಿ ಅವರು ನಿಧನರಾದರು. (ಮರುವರ್ಷವೇ ನಮ್ಮ ಕಂಕನಾಡಿಯಲ್ಲಿ ಫಾದರ್ ಮುಲ್ಲರರು ಕುಷ್ಠರೋಗಿಗಳಿಗೆ ಆಶ್ರಯ ತೆರೆದುದನ್ನು ಓದುಗರು ಬಲ್ಲರು.) ಬಂದ ಹೊಸತರಲ್ಲಿ ರಾತ್ರಿಗಳನ್ನು ಕಳೆದಿದ್ದ ಮರದಡಿಯಲ್ಲೇ, ಅವರ ಇಚ್ಛೆಯಂತೆ, ಸಮಾಧಿ ಮಾಡಲಾಯಿತು. ಅದು ನಮ್ಮ ಕರಾವಳಿಯ ಕೇದಗೆಯ ಜಾತಿಯ ಮರ.

ಆ ಇಚ್ಛೆ ಬಹುಕಾಲ ಉಳಿಯಲಿಲ್ಲ. 1936ರಲ್ಲಿ ಬೆಲ್ಜಿಯಂ ಅವರ ದೇಹವನ್ನು ಲೂವೆನ್ ನಗರಕ್ಕೆ ತರಿಸಿಕೊಂಡಿತು. ತಾಯ್ನಾಡಿನ ಅಭಿಮಾನ ನಮಗೆ ಅರ್ಥವಾಗುತ್ತದೆ. ಆದರೂ ಗತಿಸಿದವರ ಮಾತನ್ನು ಮೀರಿದ್ದು ನಮಗೆ ಸರಿಯೆನಿಸುವುದಿಲ್ಲ. 1969ರಲ್ಲಿ ಹವಾಯಿಯಲ್ಲಿ ಪ್ರತ್ಯೇಕವಾಸದ ನಿಯಮ ರದ್ದಾದಾಗ, ಹೋಗಲೂ ಉಳಿಯಲೂ ರೋಗಿಗಳಿಗೆ ಸ್ವಾತಂತ್ರ್ಯ ದೊರೆಯಿತು. ಯೌವನದಲ್ಲಿ ಬಲವಂತವಾಗಿ ಬಂದಿದ್ದ ಅನೇಕ ವೃದ್ಧರು ತಮ್ಮವರ ಸಮಾಧಿಗಳ ಬಳಿಯಲ್ಲೇ ಕೊನೆಯುಸಿರೆಳೆಯಲು ಬಯಸಿ ಅಲ್ಲಿಯೇ ಉಳಿದರು.

1995ರಲ್ಲಿ, ಧನ್ಯರೆಂದು ಘೋಷಿತರಾದ ವರ್ಷ, ಡೇಮಿಯನರ ಬಲಗೈಯ ಅವಶೇಷವನ್ನು ಲೂವೆನ್‌ನಿಂದ ಮೊಲೊಕಾಯಿಗೆ ತಂದು, ಅವರ ಮೊದಲ ಸಮಾಧಿಯಲ್ಲಿ ಮತ್ತೆ ಮಣ್ಣುಗೊಡಲಾಯಿತು.