ತೊಡೆಮೂಳೆಗೆ ಮೂರು ರೆಕ್ಕೆಯ ಮೊಳೆ ಹೊಡೆದ ಸ್ಮಿತ್-ಪೀಟರ್ಸನ್

ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದ ಅಜ್ಜಿಗೆ ಸೊಂಟ ಮುರಿಯಿತು ಎಂದು ಮನೆಮಂದಿ ಹೇಳುವುದುಂಟು. ವಾಸ್ತವದಲ್ಲಿ ಮುರಿಯುವುದು ಸೊಂಟವಲ್ಲ, ಸೊಂಟದ ಕೀಲಿಗೆ ಸೇರುವ ತೊಡೆಮೂಳೆಯ ಮೇಲ್ತುದಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಮುರಿತಕ್ಕೆ ಇದ್ದ ಉತ್ತಮ ಚಿಕಿತ್ಸೆಯೆಂದರೆ ನ್ಯೂಯಾರ್ಕಿನ ರಾಯಲ್ ವಿಟ್‌ಮನ್ ರೂಢಿಗೆ ತಂದ ಕ್ರಮ. ಕಾಲನ್ನು ಅಗಲಿಸಿ, ಮುಂಡದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ರೋಗಿಯನ್ನು ತಿಂಗಳುಗಟ್ಟಲೆ ಮಲಗಿಸಲಾಗುತ್ತಿತ್ತು. ಮೂಳೆ ಕೂಡುವ ಮೊದಲೇ ಹಾಸಿಗೆ ಹುಣ್ಣು, ನ್ಯುಮೋನಿಯಾಗಳಿಗೆ ವೃದ್ಧರು ಬಲಿಯಾಗುತ್ತಿದ್ದುದು ಅಪರೂಪವೇನಲ್ಲ. ಈ ಸೆರೆಯಿಂದ ಹೊರಬರುವ ದಾರಿ ತೋರಿದವರು ಬಾಸ್ಟನ್ನಿನ ಮೂಳೆತಜ್ಞ ಮಾರಿಯಸ್ ನೈಗಾರ್ಡ್ ಸ್ಮಿತ್-ಪೀಟರ್ಸನ್.

1886ರಲ್ಲಿ ನಾರ್ವೆಯ ಕರಾವಳಿ ಊರು ಗ್ರಿಮ್‌ಸ್ಟಾಡ್‌ನಲ್ಲಿ ಜನಿಸಿದ ಅವರು ಹದಿಹರೆಯದಲ್ಲೇ ಅಮೆರಿಕಕ್ಕೆ ವಲಸೆ ಬಂದರು. 1914ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಪದವಿ ಪಡೆದು, ಮಿದುಳು ಶಸ್ತ್ರಚಿಕಿತ್ಸೆಯ ಹಾರ್ವೆ ಕುಶಿಂಗ್ ಅವರ ಕೈಕೆಳಗೆ ತರಬೇತಾದರು. ಮುಂದಿನ ಕರ್ಮಭೂಮಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ. ಸೊಂಟದ ಕೀಲನ್ನು ಮುಂಭಾಗದಿಂದ ತಲುಪುವ ಮಾರ್ಗವನ್ನು 1917ರಲ್ಲಿ ಪ್ರಕಟಿಸಿದಾಗ ಅವರಿಗೆ ಮೂವತ್ತರ ಆಸುಪಾಸು. ಇಂಥದೇ ಮಾರ್ಗವನ್ನು ಜರ್ಮನಿಯ ಹ್ಯೂಟರ್ ಮೊದಲೇ ವಿವರಿಸಿದ್ದರೆಂಬುದನ್ನು ಇಲ್ಲಿ ಮರೆಯಲಾಗದು.

ಮುರಿದ ಮೂಳೆಗೆ ಮೊಳೆ ಹೊಡೆಯುವ ಯೋಚನೆಯೂ ಹೊಸದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಕೆಲವರು ಪ್ರಯತ್ನಿಸಿ ಕೈಬಿಟ್ಟಿದ್ದರು. ಕೀಲಿನೊಳಗಿನ ಮೂಳೆಯ ಗುಂಡು ಭಾಗ ದುಂಡು ಮೊಳೆಯ ಸುತ್ತ ತಿರುಗಿಬಿಡುತ್ತಿತ್ತು. ಲೋಹವೂ ದೇಹದೊಳಗೆ ತುಕ್ಕು ಹಿಡಿಯುತ್ತಿತ್ತು. 1925ರಲ್ಲಿ ಸ್ಮಿತ್-ಪೀಟರ್ಸನ್ ಬಳಸಿದ ಮೊಳೆಗೆ ಉದ್ದಕ್ಕೂ ಮೂರು ತೆಳು ರೆಕ್ಕೆಗಳಿದ್ದವು. ರೆಕ್ಕೆಗಳು ಮೂಳೆಯನ್ನು ಕಚ್ಚಿ ಹಿಡಿದು ಗುಂಡು ತಿರುಗದಂತೆ ತಡೆಯುತ್ತಿದ್ದವು, ಕೊರೆದು ಹೋಗುವ ಮೂಳೆಯೂ ಅತ್ಯಲ್ಪ. ಕೀಲನ್ನು ತೆರೆದು, ಮುರಿದ ತುಂಡುಗಳನ್ನು ಕಣ್ಣಾರೆ ಕಂಡು ಜೋಡಿಸಿ, ತೊಡೆಯ ಪಕ್ಕದಿಂದ ಮೊಳೆಯನ್ನು ಬಡಿಯುವುದು ಅವರ ಕ್ರಮ. ಸಹೋದ್ಯೋಗಿಗಳಾದ ಕೇವ್ ಮತ್ತು ವ್ಯಾಂಗಾರ್ಡರ್ ಅವರೊಡನೆ ಫಲಿತಾಂಶ ಪ್ರಕಟಿಸಿದ್ದು 1931ರಲ್ಲಿ; ಅಂದರೆ ಆರು ವರ್ಷ ಕಾದು ನೋಡಿದ ಬಳಿಕ. ಮರುವರ್ಷವೇ ಸ್ವೀಡನ್ನಿನ ಸ್ವೆನ್ ಯೊಹಾನ್ಸನ್ ಆ ಮೊಳೆಯ ನಡುವೆ ರಂಧ್ರ ಕೊರೆಸಿದರು. ಮೊದಲು ತಂತಿ ತೂರಿಸಿ, ಎಕ್ಸ್-ರೇಯಲ್ಲಿ ಅದರ ದಿಕ್ಕು ಖಚಿತಪಡಿಸಿಕೊಂಡು, ತಂತಿಯ ಮೇಲೆಯೇ ಮೊಳೆ ಸಾಗಿಸಿದರಾಯಿತು, ಕೀಲನ್ನು ತೆರೆಯಬೇಕಾಗಿಲ್ಲ. ಮೂಲ ಶೋಧಕರ ಕ್ರಮಕ್ಕಿಂತ ಈ ತಿದ್ದುಪಡಿಯೇ ಮೊಳೆಯನ್ನು ಲೋಕಪ್ರಿಯಗೊಳಿಸಿತೆಂದರೆ ತಪ್ಪಾಗದು.

ಆದರೆ ಒಂದು ತೊಡಕನ್ನು ಯಾವ ಮೊಳೆಯೂ ಬಗೆಹರಿಸಲಿಲ್ಲ. ಮೂಳೆಯ ಕತ್ತು ಮುರಿದು ಜರುಗಿದಾಗ ಗುಂಡಿಗೆ ರಕ್ತ ಒಯ್ಯುವ ನಾಳಗಳೂ ಹರಿಯುತ್ತವೆ. ಜೋಡಣೆ ಎಷ್ಟೇ ಸೊಗಸಾಗಿದ್ದರೂ ರಕ್ತವಿಲ್ಲದ ಗುಂಡು ಕ್ರಮೇಣ ಸತ್ತು ಕುಸಿಯಬಹುದು. ಮುರಿತದ ಜಾಗ ಕುಗ್ಗಿದಂತೆ ಮೊಳೆ ಹಿಂದಕ್ಕೆ ಜಾರುವುದು ಅಥವಾ ಕೀಲಿನೊಳಗೆ ಚುಚ್ಚುವುದು ಇನ್ನೊಂದು ಕಾಟ.

ಈ ತೊಡಕಿಗೆ ಮುಂದೆ ದೊರೆತ ಉತ್ತರದ ಬೇರು ಕೂಡ ಸ್ಮಿತ್-ಪೀಟರ್ಸನ್ ಅವರ ಇನ್ನೊಂದು ಶೋಧದಲ್ಲಿತ್ತೆಂಬುದು ಕುತೂಹಲಕರ. 1923ರಲ್ಲಿ ರೋಗಿಯೊಬ್ಬನ ಬೆನ್ನಿನಿಂದ ಗಾಜಿನ ಚೂರೊಂದನ್ನು ತೆಗೆದಾಗ, ಅದರ ಸುತ್ತ ನುಣುಪಾದ ಪೊರೆ ಬೆಳೆದಿರುವುದನ್ನು ಅವರು ಗಮನಿಸಿದ್ದರು. ಸವೆದ ಕೀಲಿನ ಗುಂಡಿಗೆ ಗಾಜಿನ ಟೋಪಿ ತೊಡಿಸಿದರು. ಗಾಜು ಒಡೆಯಿತು. ಸೆಲ್ಯುಲಾಯ್ಡ್ ಬಗೆಯ ವಸ್ತು, ಪೈರೆಕ್ಸ್, ಬೇಕಲೈಟ್ ಎಲ್ಲವನ್ನೂ ಪರೀಕ್ಷಿಸಿ, 1938ರಲ್ಲಿ ದಂತವೈದ್ಯರೊಬ್ಬರ ಸಲಹೆಯಂತೆ ವಿಟಾಲಿಯಮ್ ಎಂಬ ಕೋಬಾಲ್ಟ್ ಮಿಶ್ರಲೋಹಕ್ಕೆ ಬಂದು ನಿಂತರು. ಅದು ಸಂಧಿವಾತದ ರೋಗಿಗಳಿಗಾಗಿ ಮಾಡಿದ್ದು. ಇಡೀ ಗುಂಡನ್ನೇ ತೆಗೆದು ಲೋಹದ್ದನ್ನು ಕೂರಿಸುವ ಆಸ್ಟಿನ್ ಮೂರ್ ಮುಂತಾದವರ ಪ್ರಯೋಗಗಳು ಅದರ ಬೆನ್ನಿಗೇ ಬಂದವು. 1953ರಲ್ಲಿ ಸ್ಮಿತ್-ಪೀಟರ್ಸನ್ ನಿಧನರಾದರು.

ಮೂಳೆಯನ್ನು ಉಳಿಸಿ ಬಿಗಿಯಬೇಕೇ, ಬದಲಿಸಬೇಕೇ ಎಂಬ ಪ್ರಶ್ನೆಗೆ ಇಂದು ಮುರಿತದ ಜಾಗವೇ ಬಹುಮಟ್ಟಿಗೆ ಉತ್ತರಿಸುತ್ತದೆ. ಕತ್ತು ಮುರಿದರೂ ಜರುಗದಿದ್ದರೆ ಸ್ಕ್ರೂ. ವೃದ್ಧರಲ್ಲಿ ಜರುಗಿದ್ದರೆ ಸಾಮಾನ್ಯವಾಗಿ ಅರ್ಧ ಅಥವಾ ಪೂರ್ಣ ಕೀಲು ಬದಲಾವಣೆ. ಕತ್ತಿಗಿಂತ ಕೆಳಗೆ ಮುರಿದರೆ ರಕ್ತ ಸಂಚಾರಕ್ಕೆ ಅಷ್ಟು ಧಕ್ಕೆಯಿಲ್ಲ, ಜಾರುವ ಸ್ಕ್ರೂ ಮತ್ತು ಪ್ಲೇಟ್ ಸಾಕು. ಮುರಿತ ಅಸ್ಥಿರವಾಗಿದ್ದರೆ ಮೂಳೆಯ ಟೊಳ್ಳಿನೊಳಗೆ ಇಳಿಸುವ ಉದ್ದನೆಯ ರಾಡ್. ಆದರೂ ತಕರಾರು ಮುಗಿದಿಲ್ಲ. 50 ದಾಟಿದ 1,100ಕ್ಕೂ ಹೆಚ್ಚು ರೋಗಿಗಳ ಕತ್ತಿನ ಮುರಿತಕ್ಕೆ ಜಾರುವ ಸ್ಕ್ರೂ ಮತ್ತು ಬಿಡಿ ಸ್ಕ್ರೂಗಳನ್ನು ಹೋಲಿಸಿದ 2017ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಕ್ರಮವಾಗಿ ಶೇ 20 ಮತ್ತು ಶೇ 22. ಹೇಳಿಕೊಳ್ಳುವಂಥ ಅಂತರ ಅದಲ್ಲ. 2019ರ ಮತ್ತೊಂದು ಅಧ್ಯಯನದಲ್ಲಿ, ಪೂರ್ಣ ಬದಲಾವಣೆ ಅರ್ಧ ಬದಲಾವಣೆಗಿಂತ ಮರುಶಸ್ತ್ರಚಿಕಿತ್ಸೆಯನ್ನು ಎರಡು ವರ್ಷಗಳಲ್ಲಿ ಗಣನೀಯವಾಗಿ ತಗ್ಗಿಸಿದ್ದು ಕಂಡುಬರಲಿಲ್ಲ.

ಮೂರು ರೆಕ್ಕೆಯ ಮೊಳೆ ಶಸ್ತ್ರಚಿಕಿತ್ಸಾ ಕೊಠಡಿಗಳಿಂದ ಮರೆಯಾಗಿ ದಶಕಗಳೇ ಕಳೆದಿವೆ. ಸ್ಮಿತ್-ಪೀಟರ್ಸನ್ ಅವರ ಹೆಸರು ಹೊತ್ತ ಮುಂಭಾಗದ ಮಾರ್ಗವನ್ನು ಮಾತ್ರ ಕೀಲು ಬದಲಿಸುವ ತಜ್ಞರು ಈಗಲೂ ಹಿಡಿಯುತ್ತಾರೆ.