ಚಿತ್ರಕ್ಕೆ ಗೋಡೆ ಸಿಕ್ಕಿತು, ಚಿತ್ರಕಾರನಿಗೆ ನೆಲ ಸಿಗಲಿಲ್ಲ: ಆಲ್ಬರ್ಟ್ ನಮಟ್ಜೀರ ಬದುಕಿನ ಕಥೆ

1950ರ ದಶಕದಲ್ಲಿ ಆಸ್ಟ್ರೇಲಿಯಾದ ಎಷ್ಟೋ ಮನೆಗಳ ಹಜಾರದಲ್ಲಿ ಒಂದೇ ಬಗೆಯ ಚಿತ್ರ ಕಾಣುತ್ತಿತ್ತು. ಹಿಂದೆ ನೇರಳೆ ಬಣ್ಣದ ಬೆಟ್ಟಸಾಲು, ನಡುವೆ ಕೆಂಪು ಮಣ್ಣು, ಮುಂದೆ ಬೆಳ್ಳನೆಯ ಕಾಂಡದ ಒಂದು ಮರ. ನಮ್ಮ ನೀಲಗಿರಿ ಮರದ ಬಳಗಕ್ಕೆ ಸೇರಿದ ಈ ಮರಕ್ಕೆ ಅಲ್ಲಿ ಗೋಸ್ಟ್ ಗಮ್ ಎಂದು ಹೆಸರು. ಚಿತ್ರ ಬರೆದವರು ಮರುಭೂಮಿಯ ಮೂಲನಿವಾಸಿ ಆಲ್ಬರ್ಟ್ ನಮಟ್ಜೀರ. ಅವರ ಚಿತ್ರಕ್ಕೆ ದೇಶದ ಎಲ್ಲೆಡೆ ಜಾಗವಿತ್ತು. ಆದರೆ ಅವರಿಗೆ ತಮ್ಮದೇ ನಾಡಿನಲ್ಲಿ ಒಂದು ತುಂಡು ನೆಲ ಸಿಗಲಿಲ್ಲ.

ಒಂಟೆ ಹೊಡೆಯುತ್ತಲೇ ಕಲಿತ ವಿದ್ಯೆ

ನಮಟ್ಜೀರ ಹುಟ್ಟಿದ್ದು 1902ರ ಜುಲೈ 28ರಂದು, ಮಧ್ಯ ಆಸ್ಟ್ರೇಲಿಯಾದ ಹರ್ಮನ್ಸ್‌ಬರ್ಗ್‌ನಲ್ಲಿ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕಿರುವ ಈ ಊರು ಲೂಥರನ್ ಮಿಷನ್ನಿನ ನೆಲೆಯಾಗಿತ್ತು. ಅರಂಡ ಬುಡಕಟ್ಟಿನ ತಂದೆ ತಾಯಿ ಇಟ್ಟ ಹೆಸರು ಎಲಿಯಾ. ಕುಟುಂಬ ಕ್ರೈಸ್ತ ಧರ್ಮಕ್ಕೆ ಸೇರಿದಾಗ ಮಗು ಆಲ್ಬರ್ಟ್ ಆಯಿತು. ಮಿಷನ್ ಶಾಲೆಯಲ್ಲಿ ಓದಿದರೂ ಹದಿಹರೆಯದಲ್ಲಿ ಹಿರಿಯರು ಅವರಿಗೆ ಬುಡಕಟ್ಟಿನ ದೀಕ್ಷೆ ಕೊಟ್ಟರು. ಯಾವ ಬೆಟ್ಟ ಯಾವ ಪೂರ್ವಜರದು, ಯಾವ ನೀರಿನ ಸೆಲೆಗೆ ಯಾವ ಕಥೆ ಎಂಬ ಅರಿವು ಅವರಿಗೆ ಬಂದದ್ದು ಅಲ್ಲಿಂದ.

ಬುಡಕಟ್ಟಿನ ನಿಯಮ ಮೀರಿ ಬೇರೆ ಪಂಗಡದ ಹುಡುಗಿಯನ್ನು ಮದುವೆಯಾದ ಅವರು ಕೆಲ ಕಾಲ ಊರಿನಿಂದ ದೂರವೇ ಇದ್ದರು. ಹೊಟ್ಟೆಪಾಡಿಗೆ ಬಡಗಿ, ಕಮ್ಮಾರ, ದನ ಕಾಯುವವ, ಒಂಟೆ ಹೊಡೆಯುವವ, ಹೀಗೆ ನಾನಾ ಕೆಲಸ ಮಾಡಿದರು. ಕಾದ ಕಬ್ಬಿಣದಿಂದ ಮರದ ಮೇಲೆ ಚಿತ್ರ ಸುಟ್ಟು ಬರೆದು ಮಾರುವುದೂ ಇತ್ತು.

1934ರಲ್ಲಿ ರೆಕ್ಸ್ ಬ್ಯಾಟರ್‌ಬಿ ಮತ್ತು ಜಾನ್ ಗಾರ್ಡ್ನರ್ ಎಂಬ ಇಬ್ಬರು ಬಿಳಿಯ ಕಲಾವಿದರು ಹರ್ಮನ್ಸ್‌ಬರ್ಗ್‌ನಲ್ಲಿ ಚಿತ್ರ ಪ್ರದರ್ಶನ ಇಟ್ಟರು. ಸುತ್ತಲಿನ ಬೆಟ್ಟಗಳು ಕಾಗದದ ಮೇಲೆ ಮೂಡಿದ್ದನ್ನು ಕಂಡ ನಮಟ್ಜೀರ, ಇದು ತಮ್ಮಿಂದಲೂ ಸಾಧ್ಯ ಎಂದುಕೊಂಡರು. 1936ರಲ್ಲಿ ಬ್ಯಾಟರ್‌ಬಿ ಮತ್ತೆ ಬಂದಾಗ ಇಬ್ಬರ ನಡುವೆ ಕೊಡುಕೊಳ್ಳುವ ಒಪ್ಪಂದವೇ ಆಯಿತು. ನಮಟ್ಜೀರ ಒಂಟೆ ನಡೆಸಿ ಚೆಲುವಾದ ತಾಣಗಳನ್ನು ತೋರಿಸುವುದು, ಬ್ಯಾಟರ್‌ಬಿ ಜಲವರ್ಣ ಕಲಿಸುವುದು. ಎರಡು ತಿಂಗಳಷ್ಟೇ ನಡೆದ ಪಾಠ. ಎರಡೇ ವರ್ಷದಲ್ಲಿ, ಅಂದರೆ 1938ರಲ್ಲಿ, ಮೆಲ್ಬರ್ನ್‌ನಲ್ಲಿ ಶಿಷ್ಯನ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಇಟ್ಟ 41 ಚಿತ್ರಗಳೂ ಮಾರಾಟವಾದವು.

ಮನ್ನಣೆ ಉಂಟು, ಹಕ್ಕಿಲ್ಲ

ಮುಂದೆ ಕೀರ್ತಿ ತಾನಾಗಿ ಹುಡುಕಿ ಬಂತು. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕದ ಪದಕ ಸಿಕ್ಕಿತು. ಮರುವರ್ಷ ಕ್ಯಾನ್‌ಬೆರಾದಲ್ಲಿ ರಾಣಿಯ ಭೇಟಿಯೂ ಆಯಿತು. ವಿಲಿಯಂ ಡಾರ್ಗಿ ಬರೆದ ನಮಟ್ಜೀರ ಭಾವಚಿತ್ರ 1956ರ ಆರ್ಚಿಬಾಲ್ಡ್ ಪ್ರಶಸ್ತಿ ಗೆದ್ದಿತು.

ಆದರೆ ಕಾನೂನಿನ ಕಣ್ಣಲ್ಲಿ ಅವರು ಪೂರ್ಣ ಪ್ರಜೆಯೇ ಅಲ್ಲ. ಗಳಿಕೆಗೆ ತೆರಿಗೆ ಕಟ್ಟಬೇಕು, ಮತ ಹಾಕುವಂತಿಲ್ಲ. ದನ ಮೇಯಿಸಲು ಜಮೀನು ಗುತ್ತಿಗೆಗೆ ಕೇಳಿದರು, ಸಿಗಲಿಲ್ಲ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಲು ಹೊರಟರು, ಆಡಳಿತ ಒಪ್ಪಲಿಲ್ಲ. ದೇಶದ ಹೆಸರಾಂತ ಕಲಾವಿದ ಪಟ್ಟಣದ ಹೊರಗೆ, ಮಾರಿಸ್ ಸೋಕ್ ಎಂಬಲ್ಲಿನ ಬೀಡಿನಲ್ಲಿ ದಿನ ದೂಡಬೇಕಾಯಿತು.

1957ರಲ್ಲಿ ಸರ್ಕಾರ ಅವರಿಗೂ ಪತ್ನಿ ರುಬೀನಾ ಅವರಿಗೂ ನಿರ್ಬಂಧಗಳಿಂದ ವಿನಾಯಿತಿ ಕೊಟ್ಟಿತು. ಇನ್ನು ಮತ ಹಾಕಬಹುದು, ಮನೆ ಕಟ್ಟಬಹುದು, ಮದ್ಯ ಕೊಳ್ಳಬಹುದು. ಮಕ್ಕಳಿಗೆ, ಬಂಧುಬಳಗಕ್ಕೆ ಮಾತ್ರ ಈ ಹಕ್ಕು ಇಲ್ಲ.

ತೊಡಕು ಶುರುವಾದದ್ದೇ ಇಲ್ಲಿ. ದುಡಿದವನು ತನ್ನಲ್ಲಿರುವುದನ್ನು ಬಳಗದೊಂದಿಗೆ ಹಂಚಿಕೊಳ್ಳಬೇಕು ಎನ್ನುವುದು ಅರಂಡರ ಕಟ್ಟಳೆ. ಅವರ ದುಡ್ಡು, ಊಟ, ವಾಹನ ಎಲ್ಲವೂ ನಡೆಯುತ್ತಿದ್ದುದು ಹಾಗೆಯೇ. ಮದ್ಯವನ್ನು ಹಂಚಿಕೊಂಡರೆ ಮಾತ್ರ ಬಿಳಿಯರ ಕಾನೂನಿನಲ್ಲಿ ಅಪರಾಧ. 1958ರಲ್ಲಿ ಬೀಡಿನಲ್ಲಿ ಕುಡಿತದ ನಡುವೆ ಮಹಿಳೆಯೊಬ್ಬರ ಕೊಲೆಯಾದ ಬಳಿಕ ಅಧಿಕಾರಿಗಳ ಕಣ್ಣು ನಮಟ್ಜೀರ ಮೇಲೆ ಬಿತ್ತು. ಇನ್ನೊಬ್ಬ ಮೂಲನಿವಾಸಿ ಕಲಾವಿದನಿಗೆ ಮದ್ಯ ಸಿಗುವಂತೆ ಮಾಡಿದರು ಎಂಬ ಆರೋಪದಲ್ಲಿ ಆರು ತಿಂಗಳ ಶಿಕ್ಷೆಯಾಯಿತು. ದೇಶದಾದ್ಯಂತ ಜನ ಸಿಟ್ಟಾದರು. ಮೇಲ್ಮನವಿಯಲ್ಲಿ ಶಿಕ್ಷೆ ಮೂರು ತಿಂಗಳಿಗೆ ಇಳಿಯಿತು. ಜೈಲಿನ ಬದಲು ಪಾಪುನ್ಯಾ ಎಂಬ ಮೂಲನಿವಾಸಿ ವಸತಿಯಲ್ಲಿ ಎರಡು ತಿಂಗಳು ಕಳೆದು 1959ರ ಮೇ ತಿಂಗಳಲ್ಲಿ ಹೊರಬಂದರು.

ಬಂದವರು ಮೊದಲಿನ ಮನುಷ್ಯರಾಗಿರಲಿಲ್ಲ. ಕುಂಚದ ಮೇಲೂ ಮನಸ್ಸು ನಿಲ್ಲಲಿಲ್ಲ. ಅದೇ ಆಗಸ್ಟ್ 8ರಂದು ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯಲ್ಲಿ, ಹೃದ್ರೋಗ ಮತ್ತು ನ್ಯುಮೋನಿಯಾದಿಂದ ತೀರಿಕೊಂಡರು. ಆಗ ವಯಸ್ಸು 57.

ಸತ್ತ ಮೇಲೂ ಮುಗಿಯದ ವ್ಯಾಜ್ಯ

ಬಿಳಿಯರ ಶೈಲಿಯ ನಕಲು ಎಂದು ಅವರ ಕಲೆಯನ್ನು ಮೂಗುಮುರಿದ ವಿಮರ್ಶಕರು ಬಹಳ ಮಂದಿ ಇದ್ದರು. ಈಗ ಆ ನೋಟ ಬದಲಾಗಿದೆ. ಅವರು ಮತ್ತೆ ಮತ್ತೆ ಬರೆದದ್ದು ಬರೀ ಸುಂದರ ದೃಶ್ಯವನ್ನಲ್ಲ, ತಮ್ಮ ಹಿರಿಯರ ನೆಲವನ್ನು ಎಂದು ಇಂದು ಅರ್ಥೈಸಲಾಗುತ್ತದೆ. ಅವರು ಶಿಕ್ಷೆ ಅನುಭವಿಸಿದ ಅದೇ ಪಾಪುನ್ಯಾದಲ್ಲಿ 1971ರಲ್ಲಿ ಹೊಸ ಚಿತ್ರಕಲಾ ಚಳವಳಿ ಹುಟ್ಟಿತು. ಮರುಭೂಮಿಯ ಚುಕ್ಕೆ ಚಿತ್ರಗಳನ್ನು ಜಗತ್ತಿಗೆ ಪರಿಚಯಿಸಿದ್ದು ಅದೇ.

ಅವರ ಚಿತ್ರಗಳ ಹಕ್ಕುಸ್ವಾಮ್ಯದ ಕಥೆ ಇನ್ನೂ ಉದ್ದ. 1983ರಲ್ಲಿ ಸರ್ಕಾರಿ ಟ್ರಸ್ಟಿ ಅದನ್ನು ಪ್ರಕಾಶನ ಸಂಸ್ಥೆಯೊಂದಕ್ಕೆ ಬರೀ 8,500 ಡಾಲರ್‌ಗೆ ಮಾರಿದರು. ವಂಶಸ್ಥರ ದೀರ್ಘ ಹೋರಾಟದ ನಂತರ 2017ರಲ್ಲಿ ಅದು ಕುಟುಂಬದ ಪರವಾದ ಟ್ರಸ್ಟ್‌ಗೆ ಮರಳಿತು. 2020ರಲ್ಲಿ ಮರಿಮೊಮ್ಮಗ ವಿನ್ಸೆಂಟ್ ನಮಟ್ಜೀರ ಆರ್ಚಿಬಾಲ್ಡ್ ಪ್ರಶಸ್ತಿ ಗೆದ್ದರು. ಆ ಪ್ರಶಸ್ತಿ ಪಡೆದ ಮೊದಲ ಮೂಲನಿವಾಸಿ ಕಲಾವಿದ ಅವರು. ಮುತ್ತಜ್ಜ ಅದೇ ಸ್ಪರ್ಧೆಯಲ್ಲಿ ಇನ್ನೊಬ್ಬರ ಚಿತ್ರಕ್ಕೆ ರೂಪದರ್ಶಿಯಾಗಿ ಆಗಲೇ 64 ವರ್ಷ ಕಳೆದಿತ್ತು.