ಪಾಪ್ಲರಿನ ಜಾರ್ಜ್ ಲ್ಯಾನ್ಸ್‌ಬರಿ

ದುಂಡುಮೇಜಿನ ಪರಿಷತ್ತಿಗಾಗಿ 1931ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿಯವರು ಸಿರಿವಂತರ ಬಡಾವಣೆಗಳನ್ನು ಬಿಟ್ಟು, ಪೂರ್ವಭಾಗದ ಬೋ ಎಂಬ ಕೂಲಿಕಾರರ ಕೇರಿಯಲ್ಲಿ ತಂಗಿದ್ದರೆಂಬುದು ವಾಚಕರಿಗೆ ತಿಳಿದೇ ಇದೆ. ಆ ಕೇರಿಯ ಪರವಾಗಿ ಪಾರ್ಲಿಮೆಂಟಿನಲ್ಲಿ ಕುಳಿತಿದ್ದವರು ಜಾರ್ಜ್ ಲ್ಯಾನ್ಸ್‌ಬರಿಯವರು. ಭಾರತದ ಸ್ವಾತಂತ್ರ್ಯಕ್ಕೆ ಹಿತೈಷಿಗಳಾಗಿದ್ದ ಇವರು, ಒಂದು ಪುರಸಭೆಯ ಲೆಕ್ಕಪತ್ರದ ಸಲುವಾಗಿ ಸೆರೆಮನೆ ಸೇರಿದ್ದರೆಂಬುದು ಅಷ್ಟಾಗಿ ತಿಳಿದಿರಲಾರದು.

ಲ್ಯಾನ್ಸ್‌ಬರಿ ಹುಟ್ಟಿದ್ದು 1859ರಲ್ಲಿ, ಸಫಕ್ ಪ್ರಾಂತದಲ್ಲಿ. ಬಾಲ್ಯದಿಂದಲೇ ಮೈಮುರಿದು ದುಡಿದರು. 1884ರಲ್ಲಿ ಹೆಂಡತಿ ಮಕ್ಕಳೊಡನೆ ಆಸ್ಟ್ರೇಲಿಯಕ್ಕೆ ಹೋಗಿ, ಅಲ್ಲಿಯೂ ಬದುಕು ಕುದುರದೆ ಮರುವರ್ಷವೇ ಹಿಂತಿರುಗಿ, ಮಾವನ ಮರದ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತರು. 1893ರಲ್ಲಿ ಪಾಪ್ಲರಿನ ಬಡವರ ಪಾಲನಾ ಮಂಡಳಿಗೆ ಆರಿಸಿಬಂದರು. ದಿಕ್ಕಿಲ್ಲದವರನ್ನು ಕೂಡಿಹಾಕಿ ದುಡಿಸುತ್ತಿದ್ದ ಸರಕಾರಿ ಗೃಹಗಳು ಆಗ ಅಲ್ಲಿದ್ದುವು. ಅಂಥ ಗೃಹದ ಗಂಜಿಯಲ್ಲಿ ಇಲಿಯ ಹಿಕ್ಕೆಯನ್ನು ಕಂಡು ಅವರು ಕೆರಳಿದರು; ಊಟವನ್ನೂ ಉಡುಪನ್ನೂ ಸುಧಾರಿಸುವವರೆಗೆ ಬಿಡಲಿಲ್ಲ.

ಆದರೆ ಇದಕ್ಕೆಲ್ಲ ಹಣವೆಲ್ಲಿಂದ ಬರಬೇಕು? ಒಂದೊಂದು ವಿಭಾಗದ ಬಡವರನ್ನು ಸಾಕುವ ಭಾರ ಬಹುಮಟ್ಟಿಗೆ ಆ ವಿಭಾಗದ ಮನೆ ತೆರಿಗೆಯ ಮೇಲೆಯೇ ಬೀಳುತ್ತಿತ್ತು. ವೆಸ್ಟ್‌ಮಿನ್‌ಸ್ಟರಿನಲ್ಲಿ ಮಹಲುಗಳು ಹೆಚ್ಚು, ಹಸಿದವರು ಕಡಿಮೆ. ಅಲ್ಪ ದರದ ತೆರಿಗೆಯೇ ಸಾಕಾಗುತ್ತಿತ್ತು. ಪಾಪ್ಲರಿನಲ್ಲಿ ಜೋಪಡಿಯಂಥ ಮನೆಗಳು, ಹಡಗುಕಟ್ಟೆಯ ಕೂಲಿಗಳು. ದರವನ್ನು ಎಷ್ಟು ಏರಿಸಿದರೂ ಸಾಲದು. ಎಂದರೆ, ಬಡವನ ಅನ್ನದ ಖರ್ಚನ್ನು ನೆರೆಮನೆಯ ಬಡವನೇ ಕೊಡಬೇಕು. ಬೀದಿದೀಪ ಕೆಟ್ಟಿತೆಂದರೆ ದುಡ್ಡಿಲ್ಲವೆನ್ನುವ ಪಂಚಾಯಿತಿಯ ಊರಿನಲ್ಲಿ ಬೆಳೆದ ನನಗೆ ಈ ಲೆಕ್ಕ ಬೇಗ ಅರ್ಥವಾಯಿತು.

1919ರ ಚುನಾವಣೆಯಲ್ಲಿ ಪಾಪ್ಲರ್ ಪುರಸಭೆಯ 42 ಸ್ಥಾನಗಳಲ್ಲಿ 39 ಕಾರ್ಮಿಕ ಪಕ್ಷಕ್ಕೆ ಬಂದು, ಲ್ಯಾನ್ಸ್‌ಬರಿ ಮೇಯರಾದರು. ಪುರಸಭೆಯ ಕೆಲಸಗಾರರಿಗೆ, ಗಂಡಾಗಲಿ ಹೆಣ್ಣಾಗಲಿ, ವಾರಕ್ಕೆ 4 ಪೌಂಡಿಗೆ ಕಡಿಮೆಯಿಲ್ಲದ ಕೂಲಿ ಗೊತ್ತಾಯಿತು. ಅಷ್ಟರಲ್ಲಿ ಯುದ್ಧಾನಂತರದ ನಿರುದ್ಯೋಗ ಬಂದೆರಗಿತು. ಪುರಸಭೆಯು ತನ್ನ ಜನರನ್ನು ಸಾಕುವುದಲ್ಲದೆ ಲಂಡನ್ ಜಿಲ್ಲಾ ಸಭೆ, ಪೊಲೀಸು, ನೀರು ಸರಬರಾಜು ಮುಂತಾದುವಕ್ಕೂ ತೆರಿಗೆ ಎತ್ತಿಕೊಡಬೇಕಾಗಿತ್ತು. 1921ರ ಮಾರ್ಚಿಯಲ್ಲಿ ಸದಸ್ಯರು ಈ ಹೊರಗಿನ ಬಾಬುಗಳಿಗೆ ತೆರಿಗೆ ವಿಧಿಸುವುದಿಲ್ಲವೆಂದು ನಿರ್ಣಯಿಸಿದರು.

ನ್ಯಾಯಾಲಯ ಕರೆಸಿತು. ಜುಲೈ 29ರಂದು ಸದಸ್ಯರೆಲ್ಲ ಜನರೊಡನೆ ಮೆರವಣಿಗೆಯಲ್ಲಿ ಕಾಲ್ನಡಿಗೆಯಿಂದಲೇ ಅಲ್ಲಿಗೆ ಹೋದರು. ಆಜ್ಞೆಗೆ ಮಣಿಯದ್ದರಿಂದ ಸೆಪ್ಟೆಂಬರಿನಲ್ಲಿ 30 ಮಂದಿ ಸೆರೆಯಾದರು: ಗಂಡಸರು ಬ್ರಿಕ್ಸ್‌ಟನ್ನಿನಲ್ಲಿ, ಐವರು ಹೆಂಗಸರು ಹಾಲೋವೇಯಲ್ಲಿ. ಲ್ಯಾನ್ಸ್‌ಬರಿಯವರಿಗೆ ಆಗ 62 ವರ್ಷ. ಮಗ ಎಡ್ಗರ್, ಸೊಸೆ ಮಿನ್ನಿ ಇಬ್ಬರೂ ಜೊತೆಗಿದ್ದರು. ವಿನೋದವೆಂದರೆ, ಪುರಸಭೆಯ ಸಭೆಗಳು ಬ್ರಿಕ್ಸ್‌ಟನ್ ಸೆರೆಮನೆಯೊಳಗೇ ನಡೆದುವು. ಅದಕ್ಕಾಗಿ ಹೆಂಗಸರನ್ನು ಅತ್ತಲಿಂದ ವಾಹನದಲ್ಲಿ ಕರೆತರುತ್ತಿದ್ದರು. ಕಾನೂನನ್ನು ಮುರಿದದ್ದು ತಪ್ಪೆಂದವರು ಅವರ ಪಕ್ಷದಲ್ಲಿಯೇ ಇದ್ದರು. ನನಗೂ ಮೊದಲು ಹಾಗೆಯೇ ತೋರಿತ್ತು. ಬಿನ್ನಹಪತ್ರಗಳಿಂದ ಆಗದಿದ್ದುದು ಆರು ವಾರಗಳ ಸೆರೆವಾಸದಿಂದ ಆಯಿತೆಂಬುದನ್ನು ಓದಿದ ಮೇಲೆ ಹಾಗೆನ್ನಲಾರೆ. ಅಕ್ಟೋಬರ್ 12ರಂದು ಬಿಡುಗಡೆಯಾಯಿತು. ಅದೇ ವರ್ಷ ಬಂದ ಶಾಸನದಿಂದ ಬಡವರ ಪರಿಹಾರದ ಖರ್ಚಿನ ದೊಡ್ಡ ಭಾಗ ಲಂಡನ್ನಿಗೆಲ್ಲ ಹಂಚಿಹೋಯಿತು. ವೆಸ್ಟ್‌ಮಿನ್‌ಸ್ಟರ್ ಪಾಪ್ಲರಿಗೆ ಕೈಗೂಡಿಸಲೇಬೇಕಾಯಿತು.

ಮುಂದೆ ಅವರು 1929ರಿಂದ ಎರಡು ವರ್ಷ ಮಂತ್ರಿಗಳಾಗಿ, ಹೈಡ್ ಪಾರ್ಕಿನ ಕೊಳದಲ್ಲಿ ಸಾಮಾನ್ಯ ಜನರು ಈಜಲು ಏರ್ಪಾಡು ಮಾಡಿಸಿದರು. 1932ರಿಂದ ಪಕ್ಷದ ನಾಯಕರಾಗಿದ್ದು, ಯುದ್ಧವನ್ನು ಒಪ್ಪಲಾರದೆ 1935ರಲ್ಲಿ ಆ ಪದವಿಯನ್ನು ಬಿಟ್ಟರು. 1940ರ ಮೇ 7ರಂದು ತೀರಿಕೊಂಡರು.

ಓದು ಬರಹವರಿಯದ ನನ್ನ ತಾಯಿಗೆ ಈ ಕಥೆಯನ್ನು ಹೇಳಿದೆ. ತೆರಿಗೆಯ ವಿಚಾರವನ್ನು ಆಕೆ ಕೇಳಲಿಲ್ಲ. ಜೈಲಿಗೆ ಹೋದ ಹೆಂಗಸರೆಲ್ಲ ಸುಖವಾಗಿ ಮನೆ ಸೇರಿದರೇ ಎಂದು ಕೇಳಿದಳು. ಸೇರಿದರು. ಆದರೆ ಸೊಸೆ ಮಿನ್ನಿ, ಬಿಡುಗಡೆಯಾಗಿ ಮೂರು ತಿಂಗಳು ತುಂಬುವ ಮೊದಲೇ, 1922ರ ಜನವರಿ 1ರಂದು ನ್ಯುಮೋನಿಯದಿಂದ ತೀರಿಕೊಂಡಳು. ಆಕೆಗೆ ಆಗ 32 ವರ್ಷ. ಬೋ ರಸ್ತೆಯ ಕಟ್ಟಡವೊಂದರ ಮೇಲೆ ಆಕೆಯ ನೆನಪಿನ ಗಡಿಯಾರವೊಂದಿದೆ.